ಸಿಆರ್‌ಪಿ ಪಾಸಿಟಿವ್ ಅಂದ್ರೆ ಹಾರ್ಟಿಗೆ ಏನಾಯ್ತು?

ಬೆಳಿಗ್ಗೆ ಏಳೂವರೆ. ತಾಲ್ಲೂಕು ಆಸ್ಪತ್ರೆಯ ಎದುರು ರಸ್ತೆಯಲ್ಲಿ ಮೆಡಿಕಲ್ ಸ್ಟೋರುಗಳು ಇನ್ನೂ ಬಾಗಿಲು ತೆಗೆದಿಲ್ಲ. ಅವುಗಳ ನಡುವೆ ಇರುವ ಲ್ಯಾಬಿನ ಮುಂದೆ ಮಾತ್ರ ಆಗಲೇ ಜನ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಯಾವ ಊರಿಗೆ ಹೋದರೂ ಈ ನೋಟ ಇದೇ. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಹೇಳಿದ್ದರಿಂದ ಹಳ್ಳಿಯವರು ಮೊದಲ ಬಸ್ಸಿಗೇ ಹೊರಟು ಬಂದಿರುತ್ತಾರೆ. ಒಬ್ಬರಿಗೆ ಶುಗರ್, ಇನ್ನೊಬ್ಬರಿಗೆ ಥೈರಾಯ್ಡ್. ಮಂಡಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತ ಹೆಂಗಸಿನ ಕೈಯಲ್ಲಿ ‘ಆರ್‌ಎ, ಎಎಸ್‌ಒ, ಸಿಆರ್‌ಪಿ’ ಎಂದು ಗೀಚಿದ ಚೀಟಿ.

ಮಧ್ಯಾಹ್ನಕ್ಕೆ ವರದಿ ಸಿಗುತ್ತದೆ: ‘ಸಿಆರ್‌ಪಿ – ಪಾಸಿಟಿವ್’. ಬೆಂಗಳೂರಿನಲ್ಲಿರುವ ಮಗನಿಗೆ ವಾಟ್ಸ್‌ಆ್ಯಪ್‌ನಲ್ಲಿ ಅದರ ಫೋಟೊ ಹೋಗುತ್ತದೆ. ಅವನು ಮೊಬೈಲಿನಲ್ಲಿ ಹುಡುಕಿದರೆ ಮೇಲಿನ ಸಾಲುಗಳಲ್ಲೇ ಹೃದಯಾಘಾತದ ಮಾತು. ಕೂಡಲೇ ಫೋನು: ‘ಅಮ್ಮಾ, ನಾಳೆನೇ ಹೊರಟು ಬಾ, ಜಯದೇವಕ್ಕೆ ತೋರ್ಸೋಣ.’

ಕೊರೊನಾ ಬರುವ ಮೊದಲು ಈ ಮೂರಕ್ಷರ ಲ್ಯಾಬಿನವರ ಬಾಯಲ್ಲಷ್ಟೇ ಇತ್ತು. 2020–21ರಲ್ಲಿ ಸಿಆರ್‌ಪಿ, ಡಿ-ಡೈಮರ್, ಐಎಲ್-6 ಎಲ್ಲವೂ ಮನೆಮಾತಾದವು. 2025ರ ಜೂನ್ ಹೊತ್ತಿಗೆ ಹಾಸನ ಜಿಲ್ಲೆಯ ಹಠಾತ್ ಸಾವುಗಳು ದಿನವೂ ಸುದ್ದಿಯಾದಾಗ ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳಲ್ಲಿ ಬೆಳಗಿನ ಜಾವದಿಂದಲೇ ಸರದಿ ನಿಂತಿತು. ಸರ್ಕಾರ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಹಿಂದಿನ ಅವಧಿಗೆ ಹೋಲಿಸಿದರೆ ಹಾಸನದಲ್ಲಿ ಹೃದಯದ ಸಾವುಗಳು ಅಸಹಜವಾಗಿ ಏರಿಲ್ಲ ಎಂದು ಜುಲೈನಲ್ಲಿ ವರದಿಯೂ ಬಂತು. ಭಯ ಅಷ್ಟು ಬೇಗ ಇಳಿಯುವಂಥದ್ದಲ್ಲ. ‘ಹಾರ್ಟ್ ಪ್ಯಾಕೇಜ್’ ಎಂಬ ಹೆಸರಿನಲ್ಲಿ ರಕ್ತ ಕೊಡುವವರು ಈಗ ಹಳ್ಳಿಗಳಿಂದಲೂ ಬರುತ್ತಾರೆ. ಆ ಪಟ್ಟಿಯಲ್ಲಿ ಕೊಲೆಸ್ಟರಾಲಿನ ಪಕ್ಕ ಸಿಆರ್‌ಪಿ ಇದ್ದೇ ಇರುತ್ತದೆ.

ಎರಡು ಹನಿ, ಎರಡು ನಿಮಿಷ

ಮೊದಲು ಲ್ಯಾಬಿನ ಒಳಗೆ ಏನಾಗುತ್ತದೆ ನೋಡೋಣ. ತೆಗೆದ ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟು, ಯಂತ್ರದಲ್ಲಿ ತಿರುಗಿಸಿದರೆ ಮೇಲೆ ತಿಳಿಹಳದಿ ದ್ರವ ನಿಲ್ಲುತ್ತದೆ. ಅದೇ ಸೀರಮ್. ಕಪ್ಪು ಬಣ್ಣದ ಸ್ಲೈಡಿನ ಮೇಲೆ ಸೀರಮ್‌ನ ಒಂದು ಹನಿ, ಕಿಟ್ಟಿನ ಬಾಟಲಿಯಿಂದ ಲೇಟೆಕ್ಸ್ ದ್ರಾವಣದ ಒಂದು ಹನಿ. ಕಡ್ಡಿಯಿಂದ ಕಲಸಿ, ಸ್ಲೈಡನ್ನು ಕೈಯಲ್ಲಿ ಹಿಡಿದು ಎರಡು ನಿಮಿಷ ಮೆಲ್ಲಗೆ ತೂಗಿಸುತ್ತಾರೆ. ಬಿಳಿ ದ್ರವ ನಯವಾಗಿ ಉಳಿದರೆ ನೆಗೆಟಿವ್. ಕಣ್ಣೆದುರೇ ಒಡೆದು ಕಾಳು ಕಾಳಾದರೆ ಪಾಸಿಟಿವ್. ಲೇಟೆಕ್ಸ್ ಕಣಗಳಿಗೆ ಅಂಟಿಸಿರುವ ಪ್ರತಿಕಾಯಗಳು ಸಿಆರ್‌ಪಿಯನ್ನು ಹಿಡಿದುಕೊಂಡು ಒಂದಕ್ಕೊಂದು ಗಂಟು ಬೀಳುವುದರಿಂದ ಹೀಗಾಗುತ್ತದೆ. ದೊಡ್ಡ ಯಂತ್ರ ಬೇಡ, ಹೆಚ್ಚು ಖರ್ಚಿಲ್ಲ. ಸಣ್ಣ ಊರಿನ ಲ್ಯಾಬುಗಳು ದಶಕಗಳಿಂದ ನೆಚ್ಚಿಕೊಂಡಿರುವ ವಿಧಾನ ಇದು.

ಸಿಆರ್‌ಪಿಯ ಪೂರ್ತಿ ಹೆಸರು ಸಿ-ರಿಯಾಕ್ಟಿವ್ ಪ್ರೋಟೀನ್. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಇದನ್ನು ಕಂಡರು. ನ್ಯುಮೋನಿಯಾ ರೋಗಿಗಳ ಸೀರಮ್, ಆ ರೋಗ ತರುವ ಬ್ಯಾಕ್ಟೀರಿಯಾದ ‘ಸಿ’ ಎಂಬ ಭಾಗದ ಜೊತೆ ಸೇರಿ ಗರಣೆಗಟ್ಟುತ್ತಿತ್ತು. ರೋಗ ವಾಸಿಯಾದಂತೆ ಆ ಗುಣ ಮಾಯವಾಗುತ್ತಿತ್ತು. ಹೃದಯಕ್ಕೂ ಇದಕ್ಕೂ ನಂಟಿದೆ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಈ ಪ್ರೋಟೀನು ತಯಾರಾಗುವುದು ಪಿತ್ತಜನಕಾಂಗದಲ್ಲಿ. ದೇಹದ ಯಾವ ಮೂಲೆಯಲ್ಲಿ ಸೋಂಕಿನಿಂದಾಗಲಿ, ಗಾಯದಿಂದಾಗಲಿ ಉರಿಯೂತ ಎದ್ದರೂ ಅಲ್ಲಿನ ಜೀವಕೋಶಗಳು ಐಎಲ್-6 ಎಂಬ ಸಂದೇಶದ ಅಣುವನ್ನು ರಕ್ತಕ್ಕೆ ಬಿಡುತ್ತವೆ. ಅದು ತಲುಪಿದ ಕೆಲವೇ ಗಂಟೆಗಳಲ್ಲಿ ಪಿತ್ತಜನಕಾಂಗ ಸಿಆರ್‌ಪಿ ಸುರಿಯಲು ಶುರುಮಾಡುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂ ಇದ್ದದ್ದು ನೂರು, ಇನ್ನೂರು ದಾಟಬಹುದು. ಕಾರಣ ಕಳೆದ ಮೇಲೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ. ರಾತ್ರಿ ಊರುನಾಯಿ ಬೊಗಳಿದರೆ ಯಾರೋ ಬಂದಿದ್ದಾರೆ ಎಂಬುದು ಖಾತ್ರಿ, ಬಂದವರು ಕಳ್ಳರೋ ನೆಂಟರೋ ಎಂಬುದು ಅದರ ಬೊಗಳಿಕೆಯಿಂದ ತಿಳಿಯುವುದಿಲ್ಲ. ಸಿಆರ್‌ಪಿಯ ಶಕ್ತಿಯೂ ಮಿತಿಯೂ ಅಷ್ಟೇ.

ರಕ್ತನಾಳದ ಗೋಡೆಯೊಳಗೆ

ಹೃದಯದ ರಕ್ತನಾಳ ಕಟ್ಟಿಕೊಳ್ಳುವುದನ್ನು ನಾವು ಸಾಮಾನ್ಯವಾಗಿ ನಲ್ಲಿ ಪೈಪಿನಲ್ಲಿ ಪಾಚಿ ಕಟ್ಟಿದ ಹಾಗೆ ಎಂದುಕೊಂಡಿದ್ದೇವೆ. ಈ ಕಲ್ಪನೆ ತಪ್ಪು. ಕೊಬ್ಬು ಪೈಪಿನ ಒಳಮೈಗೆ ಮೆತ್ತಿಕೊಳ್ಳುವುದಿಲ್ಲ, ರಕ್ತನಾಳದ ಗೋಡೆಯೊಳಕ್ಕೇ ನುಗ್ಗುತ್ತದೆ. ಬಿಪಿ, ಸಕ್ಕರೆ, ಹೊಗೆಯಿಂದ ಒಳಪದರ ಹಾಳಾದಾಗ ಎಲ್‌ಡಿಎಲ್ ಕೊಲೆಸ್ಟರಾಲ್ ಅದರಡಿ ಸೇರುತ್ತದೆ. ಅದನ್ನು ತೆಗೆಯಲೆಂದು ಬಿಳಿ ರಕ್ತಕಣಗಳು ಹಿಂದೆಯೇ ಬರುತ್ತವೆ. ತಿಂದು ತಿಂದು ಊದಿಕೊಂಡು ಅಲ್ಲೇ ಸತ್ತು ಬೀಳುತ್ತವೆ. ಅದರಿಂದ ಇನ್ನಷ್ಟು ಉರಿಯೂತ. ಗೋಡೆಯ ಮೇಲಿನ ತೆಳುಪದರ ಸವೆಯುತ್ತಾ ಹೋಗಿ ಒಂದು ದಿನ ಹರಿಯುತ್ತದೆ. ಹರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದರೆ ಅದೇ ಹೃದಯಾಘಾತ. ಓಡಿಸಿ ನೋಡುವ ಟಿಎಂಟಿ ಪರೀಕ್ಷೆ ಮಾಡಿಸಿ ‘ಎಲ್ಲಾ ಸರಿಯಾಗಿದೆ’ ಎನ್ನಿಸಿಕೊಂಡವರು ತಿಂಗಳೊಳಗೆ ಕುಸಿದು ಬೀಳುವುದು ಇದರಿಂದಲೇ. ನಾಳ ಅರ್ಧವೂ ಕಟ್ಟಿಕೊಂಡಿರದಿದ್ದರೂ ಪದರ ಹರಿಯಬಹುದು.

ಈ ಉರಿಯೂತವನ್ನು ಜರ್ಮನಿಯ ರುಡಾಲ್ಫ್ ವಿರ್ಖೋ 19ನೇ ಶತಮಾನದ ನಡುವಿನಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು. ಆಮೇಲೆ ಕೊಲೆಸ್ಟರಾಲಿನ ಕಥೆಯೇ ಮುಂದಾಗಿ ಇದು ಹಿಂದೆ ಸರಿಯಿತು. ಮತ್ತೆ ಮುಂದಕ್ಕೆ ತಂದವರು ಬೋಸ್ಟನ್ನಿನ ಪಾಲ್ ರಿಡ್ಕರ್. ಆರೋಗ್ಯವಾಗಿದ್ದ ವೈದ್ಯರ ರಕ್ತವನ್ನು ವರ್ಷಗಟ್ಟಲೆ ಶೀತಲೀಕರಿಸಿ ಇಟ್ಟಿದ್ದ ಸಂಗ್ರಹವೊಂದನ್ನು ಅವರ ತಂಡ ತೆರೆಯಿತು. ಸಿಆರ್‌ಪಿ ಅತಿ ಹೆಚ್ಚು ಇದ್ದ ಗುಂಪಿನಲ್ಲಿ ಮುಂದೆ ಹೃದಯಾಘಾತವಾದ ಪ್ರಮಾಣ, ಅತಿ ಕಡಿಮೆ ಇದ್ದ ಗುಂಪಿನ ಸುಮಾರು ಮೂರು ಪಟ್ಟು. 1997ರಲ್ಲಿ ಈ ವರದಿ ಬಂತು. ಅದೇ ರಿಡ್ಕರ್ 2024ರಲ್ಲಿ 27,939 ಮಹಿಳೆಯರನ್ನು 30 ವರ್ಷ ಹಿಂಬಾಲಿಸಿದ ಲೆಕ್ಕ ಕೊಟ್ಟರು. ಒಂದೇ ಬಾರಿ ಅಳೆದ ಸಿಆರ್‌ಪಿ ಅಷ್ಟು ದೀರ್ಘ ಕಾಲದ ಅಪಾಯವನ್ನು ಕೊಲೆಸ್ಟರಾಲಿಗಿಂತ ಕಡಿಮೆಯಿಲ್ಲದಂತೆ ಹೇಳಿತ್ತು.

ಕಾಣದ ವಲಯ

ಇಲ್ಲೊಂದು ತೊಡಕಿದೆ. ರಿಡ್ಕರ್ ಅಳೆದ ಸಿಆರ್‌ಪಿ, ನಮ್ಮ ಊರಿನ ಸ್ಲೈಡ್ ಟೆಸ್ಟಿನ ಸಿಆರ್‌ಪಿ ಅಲ್ಲ. ಪ್ರೋಟೀನು ಒಂದೇ, ಅಳತೆ ಬೇರೆ. ಹೃದಯದ ವಿಚಾರಕ್ಕೆ ಬೇಕಾದದ್ದು ಎಚ್‌ಎಸ್-ಸಿಆರ್‌ಪಿ, ಅಂದರೆ ಅತಿ ಸಣ್ಣ ಪ್ರಮಾಣವನ್ನೂ ಗುರುತಿಸುವ ಪರೀಕ್ಷೆ. 2003ರಲ್ಲಿ ಅಮೆರಿಕದ ಹೃದಯ ಸಂಘ ಮತ್ತು ರೋಗ ನಿಯಂತ್ರಣ ಕೇಂದ್ರ ಸೇರಿ ಹಾಕಿದ ಗೆರೆಗಳು ಇವತ್ತಿಗೂ ಬಳಕೆಯಲ್ಲಿವೆ: ಲೀಟರಿಗೆ ಒಂದು ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, ಒಂದರಿಂದ ಮೂರು ಮಧ್ಯಮ, ಮೂರರ ಮೇಲೆ ಹೆಚ್ಚು.

ಸ್ಲೈಡಿನಲ್ಲಿ ಕಾಳು ಕಟ್ಟುವುದು ಲೀಟರಿಗೆ ಸುಮಾರು ಆರು ಮಿಲಿಗ್ರಾಂ ದಾಟಿದ ಮೇಲೆ. ಹೃದಯದ ಅಪಾಯವನ್ನು ನಿರ್ಧರಿಸುವ ಒಂದು, ಎರಡು, ಮೂರು, ಎಲ್ಲವೂ ಆ ಸ್ಲೈಡಿನ ಕಣ್ಣಿಗೆ ನೆಗೆಟಿವ್. ಅದು ಪಾಸಿಟಿವ್ ಎಂದಾಗ ಸಾಮಾನ್ಯವಾಗಿ ದೇಹದಲ್ಲಿ ಬೇರೇನೋ ನಡೆದಿರುತ್ತದೆ. ಹಾಗಾಗಿ ಮಂಡಿನೋವಿನ ಹೆಂಗಸಿನ ಪಾಸಿಟಿವ್ ಚೀಟಿ ಅವರ ಹೃದಯದ ಬಗ್ಗೆ ಏನನ್ನೂ ಹೇಳುತ್ತಿಲ್ಲ. ‘ನೆಗೆಟಿವ್ ಬಂತಲ್ಲ, ಹಾರ್ಟ್ ಗಟ್ಟಿಯಿದೆ’ ಎಂದು ನಿರಾಳವಾಗುವ ಗಂಡಸಿನ ಚೀಟಿಯೂ ಹೇಳುತ್ತಿಲ್ಲ. ಎರಡನೆಯದೇ ಹೆಚ್ಚು ಅಪಾಯ ಎಂದು ನನ್ನ ಎಣಿಕೆ.

ಎಚ್‌ಎಸ್-ಸಿಆರ್‌ಪಿಗೆ ಬೆಳಕಿನ ಚದುರುವಿಕೆಯನ್ನು ಅಳೆಯುವ ಯಂತ್ರ ಬೇಕು. ಅದಿಲ್ಲದ ಲ್ಯಾಬುಗಳು ಮಾದರಿಯನ್ನು ತುಮಕೂರಿಗೋ ಬೆಂಗಳೂರಿಗೋ ಕಳಿಸುತ್ತವೆ. ವರದಿ ಬಂದಾಗ ಸಂಖ್ಯೆಯ ಪಕ್ಕದ ಅಳತೆಯನ್ನು ಮರೆಯದೆ ನೋಡಿ. ಕೆಲವರು ಲೀಟರಿನಲ್ಲಿ ಬರೆಯುತ್ತಾರೆ, ಕೆಲವರು ಡೆಸಿಲೀಟರಿನಲ್ಲಿ. ಒಂದಕ್ಕೊಂದು ಹತ್ತು ಪಟ್ಟು ವ್ಯತ್ಯಾಸ. ಡೆಸಿಲೀಟರಿಗೆ 0.5 ಎಂದರೆ ಲೀಟರಿಗೆ ಐದು. ‘ಅರ್ಧ ಪಾಯಿಂಟ್ ಅಷ್ಟೇ’ ಎಂದು ಮಡಚಿಡುವ ಸಂಖ್ಯೆಯಲ್ಲ ಅದು.

ನಮ್ಮ ಸೀಮೆಯ ರಕ್ತ

ಹತ್ತಕ್ಕಿಂತ ಹೆಚ್ಚು ಬಂದರೆ ಆ ಸಂಖ್ಯೆಯನ್ನು ಹೃದಯದ ಲೆಕ್ಕಕ್ಕೆ ಹಿಡಿಯಬಾರದು, ಸೋಂಕು ಹುಡುಕಬೇಕು, ಎರಡು ವಾರ ಬಿಟ್ಟು ಮತ್ತೆ ಅಳೆಯಬೇಕು ಎಂಬುದು ನಿಯಮ. ಹತ್ತರ ಒಳಗಿದ್ದರೂ ಎರಡು ವಾರದ ಅಂತರದಲ್ಲಿ ಎರಡು ಸಲ ಅಳೆದು ಸರಾಸರಿ ತೆಗೆಯುವುದು ಒಳ್ಳೆಯದು. ಪಟ್ಟಣದ ಲ್ಯಾಬುಗಳಲ್ಲಿ ಇದನ್ನು ಪಾಲಿಸಿದ್ದು ಕಾಣುವುದು ಕಮ್ಮಿ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಆ ನಿಯಮ ಇನ್ನೂ ಮುಖ್ಯ, ಯಾಕೆಂದರೆ ಸಿಆರ್‌ಪಿ ಏರಿಸುವ ನೆಪಗಳು ಇಲ್ಲಿ ಬೇಕಾದಷ್ಟಿವೆ. 2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಚಿಕುನ್‌ಗುನ್ಯ ಪ್ರಕರಣಗಳು ದಾಖಲಾದವು. ಬಯಲುಸೀಮೆಯ ಹಳ್ಳಿಗಳಲ್ಲಿ ಮನೆಮನೆಯೂ ಕುಂಟುತ್ತಿತ್ತು, ಗಂಟುನೋವು ತಿಂಗಳುಗಟ್ಟಲೆ ಉಳಿದವರೂ ಇದ್ದರು. ಮಳೆಗಾಲ ಬಂತೆಂದರೆ ಈಗಲೂ ಡೆಂಗಿ, ಚಿಕುನ್‌ಗುನ್ಯ. ಕ್ಷಯ ಇದ್ದೇ ಇದೆ. ಬಾಯಿಯನ್ನಂತೂ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಲೆಅಡಿಕೆ, ಹೊಗೆಸೊಪ್ಪು, ಕಡ್ಡಿಪುಡಿ ಹಾಕುವವರ ಒಸಡು ವರ್ಷಗಟ್ಟಲೆ ಕೀವುಗಟ್ಟಿರುತ್ತದೆ. ಹಲ್ಲು ಅಲ್ಲಾಡಿ ಬಿದ್ದರೆ ಬಿತ್ತು, ಅಷ್ಟೇ. ಒಸಡಿನ ಆ ದೀರ್ಘ ಉರಿಯೂತವೂ ರಕ್ತದಲ್ಲಿ ಸಿಆರ್‌ಪಿಯನ್ನು ಏರಿಸಿಡುತ್ತದೆ.

ಮುಚ್ಚಿದ ಅಡುಗೆಮನೆಯ ಸೌದೆ ಒಲೆಯ ಹೊಗೆ ಮತ್ತು ಬೀಡಿ ಇನ್ನೊಂದು ಕಡೆ. ಇವು ಸಿಆರ್‌ಪಿಯ ಜೊತೆ ಹೃದಯವನ್ನೂ ನೇರವಾಗಿ ಕೆಡಿಸುವಂಥವು. ಸೊಂಟದ ಕೊಬ್ಬೂ ಹಾಗೆಯೇ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ; ನಮ್ಮಲ್ಲಿ ಇಂಥ ಮೈಕಟ್ಟು ಸಾಮಾನ್ಯ. ಆ ಕೊಬ್ಬು ಸುಮ್ಮನೆ ಕೂರುವುದಿಲ್ಲ, ತಾನೇ ಐಎಲ್-6 ಸ್ರವಿಸುತ್ತದೆ. ಲಂಡನ್ನಿನಲ್ಲಿ ನೆಲೆಸಿದ ಭಾರತ ಮೂಲದವರ ಸಿಆರ್‌ಪಿ ಅಲ್ಲಿನ ಬಿಳಿಯರಿಗಿಂತ ಶೇ 17ರಷ್ಟು ಹೆಚ್ಚಿರುವುದನ್ನು 2001ರಲ್ಲಿ ಅಲ್ಲಿನ ಸಂಶೋಧಕರು ತೋರಿಸಿದರು. ಅದಕ್ಕೆ ಅವರು ಕಂಡ ಮುಖ್ಯ ಕಾರಣ ಹೊಟ್ಟೆಯ ಬೊಜ್ಜು ಮತ್ತು ಇನ್ಸುಲಿನ್ ಕೆಲಸ ಮಾಡದಿರುವುದು. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಭಾರತೀಯರ ಸೊಂಟದ ಮಿತಿ. ಟೈಲರ್ ಅಂಗಡಿಯ ಟೇಪು ಹೇಳುವ ಈ ಸುದ್ದಿಗೆ ಲ್ಯಾಬು ಬೇಕಿಲ್ಲ.

ಇಎಸ್‌ಆರ್ ಎಂಬ ಹಳೆಯ ಪರೀಕ್ಷೆಯನ್ನೂ ಇಲ್ಲೇ ಹೇಳಿಬಿಡಬೇಕು. ರಕ್ತವನ್ನು ಉದ್ದನೆಯ ಕೊಳವೆಯಲ್ಲಿ ನಿಲ್ಲಿಸಿ, ಕೆಂಪುಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಇಳಿದವು ಎಂದು ನೋಡುವುದು. ಉರಿಯೂತ ಇದ್ದರೆ ಬೇಗ ಇಳಿಯುತ್ತವೆ. ರಕ್ತಹೀನತೆ ಇದ್ದರೂ ಬೇಗ ಇಳಿಯುತ್ತವೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಅವರ ಇಎಸ್‌ಆರ್ 40 ಬಂದರೆ ಮೊದಲು ಹಿಮೋಗ್ಲೋಬಿನ್ ನೋಡಬೇಕು.

ಪಾವಗಡದ ನೋವಿನ ಮಾತ್ರೆ

ಪಾವಗಡದ ಕಥೆ ಸ್ವಲ್ಪ ಬೇರೆ. ಇಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್ ತಲೆಮಾರುಗಳ ಸಮಸ್ಯೆ. ಲೀಟರಿಗೆ ಒಂದು ಮಿಲಿಗ್ರಾಂ ಇದ್ದರೆ ಕುಡಿಯಬಹುದು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆ ತನಕ ಎಂಬುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ಮೂಳೆ ಗಡುಸಾಗುತ್ತದೆ, ಕೀಲಿನ ಸುತ್ತಲ ಕಟ್ಟುಗಳಲ್ಲಿ ಸುಣ್ಣ ಕೂಡಿಕೊಳ್ಳುತ್ತದೆ. ಬೆನ್ನು ಬಗ್ಗುವುದಿಲ್ಲ, ಕತ್ತು ತಿರುಗುವುದಿಲ್ಲ. ಶುದ್ಧ ನೀರಿನ ಘಟಕಗಳು ಬಂದಿವೆ, ತುಂಗಭದ್ರಾ ಹಿನ್ನೀರಿನ ಯೋಜನೆಯೂ ತಾಲ್ಲೂಕಿಗೆ ಬಂದಿದೆ. ಆಗಲೇ ಮೂಳೆಗೆ ಸೇರಿದ್ದು ಮಾತ್ರ ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ.

ನೋವಿಗೆ ಜನ ಮಾಡುವುದೇನು? ಮೆಡಿಕಲ್ ಸ್ಟೋರಿನಲ್ಲಿ ‘ಕೈಕಾಲು ನೋವಿಗೆ ಎರಡು ಮಾತ್ರೆ ಕೊಡಣ್ಣ’. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಇಂಥವು ಚೀಟಿಯಿಲ್ಲದೆ ಕೈಗೆ ಬರುತ್ತವೆ. ಇವೆಲ್ಲ ಉರಿಯೂತ ಇಳಿಸುವ ಮಾತ್ರೆಗಳು. ಉರಿಯೂತ ಹೃದಯಕ್ಕೆ ಕೆಟ್ಟದ್ದಾದರೆ ಈ ಮಾತ್ರೆಗಳು ಒಳ್ಳೆಯವೇ ಆಗಿರಬೇಕಲ್ಲವೇ ಎಂದು ಯಾರಿಗಾದರೂ ಅನ್ನಿಸಬಹುದು. ಆಗಿರುವುದು ಅದಕ್ಕೆ ತದ್ವಿರುದ್ಧ. ಇದೇ ಜಾತಿಯ ರೋಫೆಕಾಕ್ಸಿಬ್ ಎಂಬ ಮಾತ್ರೆಯನ್ನು ಹೃದಯಾಘಾತ ಹೆಚ್ಚಿಸುತ್ತದೆ ಎಂಬ ಕಾರಣಕ್ಕೆ 2004ರಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಲಾಯಿತು. ಹೆಚ್ಚಿನ ಪ್ರಮಾಣದ ಡೈಕ್ಲೊಫೆನಾಕ್ ಹೃದಯ–ರಕ್ತನಾಳದ ಅವಘಡಗಳನ್ನು ಸುಮಾರು ಮೂರನೇ ಒಂದರಷ್ಟು ಏರಿಸುವುದನ್ನು 2013ರಲ್ಲಿ ಹಲವು ಪ್ರಯೋಗಗಳ ಒಟ್ಟು ಲೆಕ್ಕ ತೋರಿಸಿತು. ಈ ಮಾತ್ರೆಗಳು ಅದುಮುವುದು ನೋವಿನ ದಾರಿಯ ಉರಿಯೂತವನ್ನು. ಜೊತೆಗೆ ರಕ್ತ ಹೆಪ್ಪುಗಟ್ಟುವ ತೂಕವನ್ನು ತಪ್ಪಿಸುತ್ತವೆ, ಬಿಪಿ ಏರಿಸುತ್ತವೆ, ಕಿಡ್ನಿಗೆ ಹೊಡೆತ ಕೊಡುತ್ತವೆ. ಸ್ಟೆಂಟ್ ಹಾಕಿಸಿಕೊಂಡು ದಿನವೂ ಆಸ್ಪಿರಿನ್ ನುಂಗುವವರು ಪಕ್ಕದಲ್ಲೇ ಐಬುಪ್ರೊಫೆನ್ ನುಂಗಿದರೆ ಆಸ್ಪಿರಿನ್ನಿನ ಕೆಲಸವೇ ಕೆಡಬಹುದು.

ಪಾವಗಡದಂಥ ಕಡೆ ಹೃದಯದ ತಪಾಸಣೆಗೆ ಬಂದವರನ್ನು ‘ದಿನಕ್ಕೆ ಎಷ್ಟು ನೋವಿನ ಮಾತ್ರೆ ತಗೋತೀರಿ?’ ಎಂದು ಕೇಳಿದರೆ ಸಿಗುವ ಉತ್ತರ, ಯಾವ ರಕ್ತಪರೀಕ್ಷೆಗೂ ಕಡಿಮೆಯಿಲ್ಲದ ಮಾಹಿತಿ.

ಸಂಖ್ಯೆ ಸುಮ್ಮನಿದ್ದಾಗ

ಬೀಡಿ ಸೇದುವ ನಲವತ್ತರ ಗಂಡಸು. ನಾಲ್ಕು ಹೆಜ್ಜೆ ನಡೆದರೆ ಪಾದ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಕಾಲ್ಬೆರಳಿನಲ್ಲಿ ಹುಣ್ಣು. ‘ಕಡಲೆಕಾಯಿ ಹೊಲ್ದಲ್ಲಿ ಜಾಲಿ ಮುಳ್ಳು ಚುಚ್ಚಿತ್ತು ಸಾರ್, ವಾಸಿನೇ ಆಗ್ತಿಲ್ಲ.’ ಸಕ್ಕರೆ ಕಾಯಿಲೆ ಇಲ್ಲ, ಕೊಲೆಸ್ಟರಾಲ್ ಸರಿಯಿದೆ. ಬೆರಳು ದಿನೇ ದಿನೇ ಕಪ್ಪಾಗುತ್ತಿದೆ. ಪಾದದ ಮೇಲೆ ನಾಡಿ ಮುಟ್ಟಿ ನೋಡಿದರೆ ಸಿಗುವುದಿಲ್ಲ.

ಇದು ಬರ್ಗರ್ ಕಾಯಿಲೆ. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್ ವಿವರಿಸಿದ ಇದು ತಂಬಾಕಿನೊಂದಿಗೇ ಹುಟ್ಟಿ ತಂಬಾಕಿನೊಂದಿಗೇ ಬೆಳೆಯುವ ರೋಗ. ಕೈಕಾಲಿನ ಸಣ್ಣ, ಮಧ್ಯಮ ರಕ್ತನಾಳಗಳಲ್ಲಿ ಉರಿಯೂತ ಎದ್ದು ಹೆಪ್ಪುಗಟ್ಟುತ್ತದೆ. ವಿಚಿತ್ರವೆಂದರೆ ಕಾಲೇ ಹೋಗುವಷ್ಟು ಉರಿಯೂತವಿದ್ದರೂ ಸಿಆರ್‌ಪಿ, ಇಎಸ್‌ಆರ್ ಎರಡೂ ಸಾಮಾನ್ಯವಾಗಿ ಮಾಮೂಲಿಯಾಗಿಯೇ ಇರುತ್ತವೆ. ಬೀಡಿಯನ್ನು ಪೂರ್ತಿ ಬಿಟ್ಟವರ ಕಾಲು ಸಾಮಾನ್ಯವಾಗಿ ಉಳಿಯುತ್ತದೆ. ದಿನಕ್ಕೆ ಎರಡಕ್ಕೆ ಇಳಿಸಿದ್ದೇನೆ ಎನ್ನುವವರದ್ದು ಉಳಿಯುವ ಭರವಸೆ ಇಲ್ಲ.

ಅದೇ 1908ರಲ್ಲಿ ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ಟಕಯಾಸು ಇನ್ನೊಂದು ರೋಗವನ್ನು ವರದಿ ಮಾಡಿದರು. ಇದು ಯುವತಿಯರಲ್ಲಿ ಹೆಚ್ಚು, ಏಷ್ಯಾದಲ್ಲಿ ಹೆಚ್ಚು. ಹೃದಯದಿಂದ ಹೊರಡುವ ಮಹಾಪಧಮನಿ ಮತ್ತು ಅದರ ಕವಲುಗಳ ಗೋಡೆ ಉರಿಯೂತದಿಂದ ದಪ್ಪವಾಗಿ ಒಂದು ಕೈಯಲ್ಲಿ ನಾಡಿಯೇ ಸಿಗದಂತಾಗುತ್ತದೆ. ಎರಡು ಕೈಗಳ ಬಿಪಿ ಬೇರೆ ಬೇರೆ. ಇಲ್ಲಿ ಸಿಆರ್‌ಪಿ, ಇಎಸ್‌ಆರ್ ಬಹಳ ಮಂದಿಗೆ ಏರುತ್ತವೆ, ಎಲ್ಲರಿಗೂ ಅಲ್ಲ. ಇಪ್ಪತ್ತೈದರ ಹುಡುಗಿಗೆ ಬಿಪಿ ಇದೆ ಎಂದಾಗ ಎರಡೂ ಕೈಗೆ ಪಟ್ಟಿ ಕಟ್ಟಿ ನೋಡುವ ವೈದ್ಯರು ಇದನ್ನು ಲ್ಯಾಬಿಗಿಂತ ಮೊದಲೇ ಹಿಡಿಯುತ್ತಾರೆ.

ಬೊಗಳುವುದನ್ನು ನಿಲ್ಲಿಸಿದರೆ ಸಾಕೆ?

ಸಿಆರ್‌ಪಿಯೇ ರೋಗ ತರುತ್ತದೆಯೋ, ರೋಗದ ಜೊತೆಗಿರುತ್ತದೆಯೋ ಎಂಬ ಜಗಳ ಬಹಳ ಕಾಲ ನಡೆಯಿತು. ಹುಟ್ಟಿನಿಂದಲೇ ಸಿಆರ್‌ಪಿ ಹೆಚ್ಚಿರುವಂಥ ವಂಶವಾಹಿ ಇರುವವರಿಗೆ ಹೃದಯಾಘಾತ ಹೆಚ್ಚೇನೂ ಆಗುವುದಿಲ್ಲ ಎಂದು ತಿಳಿದ ಮೇಲೆ ಅದು ತಣ್ಣಗಾಯಿತು. ಸಿಆರ್‌ಪಿ ಸುದ್ದಿ ಹೇಳುವುದಷ್ಟೇ. ಕಿತಾಪತಿ ಅದಕ್ಕೂ ಮೇಲಿನ ಐಎಲ್-6 ಮತ್ತು ಅಂಥದ್ದೇ ಇನ್ನೊಂದು ಸಂದೇಶದ ಅಣುವಾದ ಐಎಲ್-1 ಮಟ್ಟದಲ್ಲಿ ನಡೆಯುತ್ತದೆ.

ಔಷಧದ ಪ್ರಯೋಗಗಳೂ ಇದನ್ನೇ ಸುತ್ತಿವೆ. 2008ರ ‘ಜುಪಿಟರ್’ ಪ್ರಯೋಗದಲ್ಲಿ ಕೊಲೆಸ್ಟರಾಲ್ ಹೆಚ್ಚಿಲ್ಲದ, ಆದರೆ ಎಚ್‌ಎಸ್-ಸಿಆರ್‌ಪಿ ಎರಡು ಅಥವಾ ಅದಕ್ಕಿಂತ ಹೆಚ್ಚಿದ್ದ 17,802 ಮಂದಿ ಇದ್ದರು. ರೋಸುವಾಸ್ಟಾಟಿನ್ ಕೊಟ್ಟಾಗ ಹೃದಯಾಘಾತ, ಪಾರ್ಶ್ವವಾಯು ಮೊದಲಾದವು ಶೇ 44ರಷ್ಟು ಇಳಿದವು. ಸ್ಟಾಟಿನ್ ಕೊಲೆಸ್ಟರಾಲನ್ನೂ ಉರಿಯೂತವನ್ನೂ ಒಟ್ಟಿಗೆ ತಗ್ಗಿಸುವುದರಿಂದ ಯಾವುದರ ಫಲ ಎಷ್ಟು ಎಂದು ಬಿಡಿಸಲಾಗಲಿಲ್ಲ. 2017ರ ‘ಕ್ಯಾಂಟೋಸ್’ ಅದನ್ನು ಬಿಡಿಸಿತು. ಕೊಲೆಸ್ಟರಾಲಿಗೆ ಕೈಹಚ್ಚದೆ ಐಎಲ್-1 ಮಾತ್ರ ತಡೆಯುವ ಚುಚ್ಚುಮದ್ದಿಗೆ ಅವಘಡಗಳು ಶೇ 15ರಷ್ಟು ಇಳಿದವು. ಉರಿಯೂತದ ಸಿದ್ಧಾಂತ ಗೆದ್ದಿತು, ಔಷಧ ಸೋತಿತು. ಸೋಂಕಿನಿಂದ ಸತ್ತವರ ಸಂಖ್ಯೆ ಏರಿತ್ತು. ಕ್ಷಯವಿರುವ ನಾಡಿಗೆ ಅಂಥ ಮದ್ದು ತರುವುದನ್ನು ಊಹಿಸಿ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಪ್ರಯೋಗದ ಫಲ ಮರುವರ್ಷ ಬಂತು, ಪ್ರಯೋಜನ ಕಾಣಲಿಲ್ಲ.

ಆಮೇಲೆ ಬಂದದ್ದು ನಮಗೆ ಪರಿಚಯದ ಗಿಡದ ಸರಕು. ಮಳೆ ಬಿದ್ದ ಮೇಲೆ ನಮ್ಮ ಬೇಲಿ, ಕುರುಚಲು ಕಾಡುಗಳಲ್ಲಿ ಕೆಂಪು–ಹಳದಿ ದಳಗಳು ಮೇಲ್ಮುಖವಾಗಿ ಚಾಚಿಕೊಂಡು ಅರಳುವ ಗೌರಿ ಹೂವನ್ನು ನೋಡಿದ್ದೀರಿ. ಅಗ್ನಿಶಿಖೆ ಅಂತಲೂ ಕರೆಯುತ್ತಾರೆ. ಅದರ ಬೀಜ, ಗಡ್ಡೆಗಳಲ್ಲಿ ಕೊಲ್ಚಿಸಿನ್ ಇದೆ. ಗೌಟ್ ನೋವಿಗೆ ಕೊಡುವ ಹಳೆಯ ಔಷಧ. ದಿನಕ್ಕೆ ಅರ್ಧ ಮಿಲಿಗ್ರಾಂ ಕೊಟ್ಟಾಗ ಹೃದಯಾಘಾತವಾದವರಲ್ಲಿ ಮುಂದಿನ ಅವಘಡಗಳು ಶೇ 23ರಷ್ಟು ಇಳಿದವೆಂದು 2019ರ ‘ಕೋಲ್ಕಾಟ್’, ದೀರ್ಘಕಾಲದ ಹೃದ್ರೋಗಿಗಳಲ್ಲಿ ಶೇ 31ರಷ್ಟು ಇಳಿದವೆಂದು 2020ರ ‘ಲೋಡೋಕೋ-2’ ಹೇಳಿದವು. ಅಮೆರಿಕ 2023ರಲ್ಲಿ ಅನುಮತಿಯನ್ನೂ ಕೊಟ್ಟಿತು. 2024ರಲ್ಲಿ ಏಳು ಸಾವಿರ ಮಂದಿಯ ಇನ್ನೊಂದು ಪ್ರಯೋಗ ಬಂದು, ಹೃದಯಾಘಾತದ ಕೂಡಲೇ ಶುರುಮಾಡಿದರೆ ಏನೂ ಲಾಭವಿಲ್ಲ ಎಂದಿತು. ಹೃದ್ರೋಗ ತಜ್ಞರು ಈಗ ತೂಗಿ ನೋಡುತ್ತಿದ್ದಾರೆ. ಸಿದ್ದರಬೆಟ್ಟದ ಗಿಡಮೂಲಿಕೆಗೆ ಹೆಸರಾದ ಕೊರಟಗೆರೆ ಸೀಮೆಯಲ್ಲಿ ಇದನ್ನು ಓದುವವರಿಗೆ ಒಂದು ಮಾತು: ಗೌರಿ ಹೂವಿನ ಗಡ್ಡೆ ಪ್ರಾಣ ತೆಗೆಯುವಂಥ ವಿಷ. ಕೊಲ್ಚಿಸಿನ್‌ನಲ್ಲಿ ಮದ್ದಿನ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ಬಹಳ ಕಿರಿದು, ಕಿಡ್ನಿ ಸರಿಯಿಲ್ಲದವರಿಗೆ ಮಾತ್ರೆಯೂ ಅಪಾಯ.

ಹಾಗಾದರೆ ಎಚ್‌ಎಸ್-ಸಿಆರ್‌ಪಿ ಯಾರಿಗೆ? 2025ರಲ್ಲಿ ಅಮೆರಿಕದ ಹೃದ್ರೋಗ ತಜ್ಞರ ಸಂಸ್ಥೆ ಇದನ್ನು ಎಲ್ಲರಿಗೂ ಅಳೆಯುವುದು ಒಳ್ಳೆಯದು ಎಂಬ ನಿಲುವಿಗೆ ಬಂದಿದೆ. ಸೋಂಕು ಕಡಿಮೆ ಇರುವ ನಾಡಿನ ಮಾತನ್ನು ಹಾಗೆಯೇ ಇಲ್ಲಿಗೆ ತರಲಾಗದು. ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಹೊಗೆ, ಮನೆತನದ ಇತಿಹಾಸ ಎಲ್ಲ ನೋಡಿಯೂ ಸ್ಟಾಟಿನ್ ಕೊಡಬೇಕೋ ಬೇಡವೋ ಎಂಬ ಅನುಮಾನ ವೈದ್ಯರಿಗೆ ಉಳಿದಾಗ ಈ ಸಂಖ್ಯೆ ಒಂದು ಕಡೆಗೆ ತೂಗಿಸುತ್ತದೆ. ಬಿಪಿಯನ್ನೇ ಒಮ್ಮೆಯೂ ನೋಡಿಸದವರು ಇದಕ್ಕೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ.

ಎದೆನೋವಿಗೆ ಲ್ಯಾಬಿನ ಬಾಗಿಲು ತಟ್ಟಬೇಡಿ

ಎದೆ ಹಿಂಡಿದಾಗ, ಎಡಗೈಗೋ ದವಡೆಗೋ ನೋವು ಹರಿದಾಗ, ಮೈ ಬೆವೆತಾಗ ಸಿಆರ್‌ಪಿಯಿಂದ ಏನೂ ಆಗದು. ಹೃದಯದ ಸ್ನಾಯು ಸತ್ತಾಗ ರಕ್ತಕ್ಕೆ ಬರುವ ಟ್ರೋಪೋನಿನ್ ಬೇರೆಯೇ ಸೂಚಕ, ಅದೂ ಏರಲು ಕೆಲವು ಗಂಟೆ ಹಿಡಿಯುತ್ತದೆ. ಮೊದಲು ಬೇಕಾದದ್ದು ಇಸಿಜಿ. ‘ಗ್ಯಾಸ್ಟ್ರಿಕ್ ಇರ್ಬೇಕು, ಸೋಡಾ ಕುಡೀರಿ’ ಎನ್ನುವ ಮಾತಿನಲ್ಲಿ ಎಷ್ಟು ಹೊತ್ತು ಹೋಗುತ್ತದೆ ಎಂಬುದಕ್ಕೆ ಲೆಕ್ಕವಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಡೆನಿಸ್ ಝೇವಿಯರ್, ಪ್ರೇಮ್ ಪೈಸ್ ಮತ್ತಿತರರು ದೇಶದ 20 ಸಾವಿರಕ್ಕೂ ಹೆಚ್ಚು ಹೃದಯಾಘಾತದ ರೋಗಿಗಳನ್ನು ದಾಖಲಿಸಿ 2008ರಲ್ಲಿ ಪ್ರಕಟಿಸಿದ ‘ಕ್ರಿಯೇಟ್’ ವರದಿಯಲ್ಲಿ, ನೋವು ಶುರುವಾದಾಗಿನಿಂದ ಆಸ್ಪತ್ರೆ ಮುಟ್ಟುವ ತನಕ ಕಳೆದ ಮಧ್ಯಮ ಸಮಯ 360 ನಿಮಿಷ. ಆರು ಗಂಟೆ.

2023ರಲ್ಲಿ ಶುರುವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಈ ಸಮಯವನ್ನು ಕಡಿಮೆ ಮಾಡಲೆಂದೇ ಬಂದದ್ದು. ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಕೆಲವೇ ನಿಮಿಷದಲ್ಲಿ ಓದಿ ಹೇಳುತ್ತಾರೆ, ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಅಲ್ಲೇ ಕೊಟ್ಟು ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಹೊರಗೆ ಸಾವಿರಾರು ರೂಪಾಯಿ ಬೆಲೆಯ ಮದ್ದು ಅದು. ಪಾವಗಡದಿಂದ ತುಮಕೂರಿಗೇ ಸುಮಾರು ನೂರು ಕಿಲೋಮೀಟರ್. ಆ ದಾರಿಯಲ್ಲಿ ಹೃದಯದ ಸ್ನಾಯು ಸಾಯುತ್ತಲೇ ಇರುತ್ತದೆ.

ಮಗುವಿನ ಮಂಡಿ ಊದಿದಾಗ

ಕೊನೆಗೆ, ಹಳೆಯ ಸ್ಲೈಡ್ ಪರೀಕ್ಷೆಗೆ ನಿಜಕ್ಕೂ ಹೃದಯದ ಕೆಲಸವಿರುವ ಒಂದು ಜಾಗ. ಐದರಿಂದ ಹದಿನೈದು ವರ್ಷದ ಮಗುವಿಗೆ ಗಂಟಲುನೋವು ಬಂದು ಹೋಗುತ್ತದೆ. ಎರಡು ಮೂರು ವಾರ ಬಿಟ್ಟು ಜ್ವರ, ಒಂದು ಮಂಡಿ ಊದಿ ಕೆಂಪಾಗುತ್ತದೆ. ಅದು ಇಳಿಯುವಷ್ಟರಲ್ಲಿ ಹಿಮ್ಮಡಿ ಗಂಟು, ಆಮೇಲೆ ಮೊಣಕೈ. ಇದು ರುಮ್ಯಾಟಿಕ್ ಜ್ವರ. ಗಂಟಲಿನ ಸ್ಟ್ರೆಪ್ಟೊಕಾಕಸ್ ವಿರುದ್ಧ ಎದ್ದ ದೇಹದ ಸೈನ್ಯ ದಾರಿ ತಪ್ಪಿ ಸ್ವಂತ ಕೀಲು, ಹೃದಯದ ಕವಾಟಗಳ ಮೇಲೆ ಬೀಳುತ್ತದೆ. ಕೀಲು ವಾಸಿಯಾಗುತ್ತದೆ, ಕವಾಟ ಆಗುವುದಿಲ್ಲ.

1944ರಲ್ಲಿ ಅಮೆರಿಕದ ಡಕೆಟ್ ಜೋನ್ಸ್ ಇದನ್ನು ಗುರುತಿಸುವ ಲಕ್ಷಣಪಟ್ಟಿ ಮಾಡಿದರು. ಅದರಲ್ಲಿ ಇಎಸ್‌ಆರ್, ಸಿಆರ್‌ಪಿಗಳಿಗೆ ಈಗಲೂ ಸ್ಥಾನವಿದೆ. 2015ರ ಪರಿಷ್ಕರಣೆಯಲ್ಲಿ ಭಾರತದಂಥ ಹೆಚ್ಚು ಅಪಾಯದ ನಾಡುಗಳಿಗೆ ಇಎಸ್‌ಆರ್ ಮಿತಿಯನ್ನು 30 ಎಂದು ಹಾಕಿದರು, ಕಡಿಮೆ ಅಪಾಯದ ನಾಡುಗಳಿಗೆ 60. ಸಿಆರ್‌ಪಿ ಲೀಟರಿಗೆ 30 ಮಿಲಿಗ್ರಾಂ ಮುಟ್ಟಬೇಕು. ಆ ಮಟ್ಟವನ್ನು ಸ್ಲೈಡ್ ತಪ್ಪದೆ ಹಿಡಿಯುತ್ತದೆ, ಸೀರಮ್ಮನ್ನು ತೆಳುಮಾಡುತ್ತಾ ಹೋಗಿ ಅಂದಾಜು ಪ್ರಮಾಣವನ್ನೂ ಹೇಳಬಹುದು. ಎಎಸ್‌ಒ ಒಂದೇ ಪಾಸಿಟಿವ್ ಬಂದರೆ ಅದು ರೋಗವಲ್ಲ, ಯಾವತ್ತೋ ಗಂಟಲಿಗೆ ಆ ಸೋಂಕು ಬಂದಿತ್ತು ಎಂಬ ಗುರುತು. ಅಷ್ಟಕ್ಕೇ ವರ್ಷಗಟ್ಟಲೆ ಸೂಜಿ ಚುಚ್ಚಿಸಿಕೊಂಡ ಮಕ್ಕಳಿದ್ದಾರೆ. ನಿಜವಾಗಿ ರೋಗವಿದ್ದು ‘ಬೆಳೆಯೋ ಮಕ್ಕಳ ಕಾಲುನೋವು’ ಎಂದು ಎಣ್ಣೆ ನೀವಿಸಿಕೊಂಡ ಮಕ್ಕಳೂ ಇದ್ದಾರೆ. ಹೆಣ್ಣುಮಕ್ಕಳಾದರೆ ಎಷ್ಟೋ ಸಲ ಮದುವೆಯಾಗಿ ಬಸುರಾದಾಗ ಉಸಿರು ಕಟ್ಟಿ, ಕವಾಟ ಕಿರಿದಾಗಿದೆ ಎಂದು ತಿಳಿಯುತ್ತದೆ. ಅಂಥ ಕವಾಟವನ್ನು ಎದೆ ಕೊಯ್ಯದೆ ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆಗೆ ಜಯದೇವ ಸಂಸ್ಥೆ, ಅದರ ಹಿಂದಿನ ನಿರ್ದೇಶಕ ಡಾ. ಸಿ.ಎನ್. ಮಂಜುನಾಥ್ ಹೆಸರಾದವರು.

ರುಮ್ಯಾಟಿಕ್ ಜ್ವರ ಖಚಿತವಾದ ಮಗುವಿಗೆ 21 ದಿನಕ್ಕೊಮ್ಮೆ ಬೆಂಜಥೈನ್ ಪೆನಿಸಿಲಿನ್ ಚುಚ್ಚುಮದ್ದು. ಜನರ ಬಾಯಲ್ಲಿ ಪೆನಿಡ್ಯೂರ್. ಸಿಆರ್‌ಪಿ ಕೆಲವೇ ವಾರಗಳಲ್ಲಿ ನೆಗೆಟಿವ್ ಆಗಿಬಿಡುತ್ತದೆ, ಮಗು ಶಾಲೆಯ ಮೈದಾನದಲ್ಲಿ ಓಡುತ್ತಿರುತ್ತದೆ, ‘ಇನ್ಯಾಕೆ ಚುಚ್ಸೋದು’ ಎಂದು ನಿಲ್ಲಿಸುವುದು ಆಗಲೇ. ಹೃದಯಕ್ಕೆ ಪೆಟ್ಟು ಬೀಳದಿದ್ದರೂ ಕನಿಷ್ಠ ಐದು ವರ್ಷ ಅಥವಾ 21 ವಯಸ್ಸಿನ ತನಕ, ಯಾವುದು ಹೆಚ್ಚೋ ಅಷ್ಟು ಕಾಲ ಅದು ನಡೆಯಬೇಕು. ಕವಾಟ ಕೆಟ್ಟಿದ್ದರೆ ಇನ್ನೂ ದೀರ್ಘ. ಮಳೆ ಕೈಕೊಟ್ಟ ವರ್ಷ ಪಾವಗಡ, ಮಧುಗಿರಿ ಕಡೆಯ ಕುಟುಂಬಗಳು ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೊರಡುತ್ತವೆ. ಆಗ ಪಾತ್ರೆಪಡಗದ ಜೊತೆ ಮಗುವಿನ ಚುಚ್ಚುಮದ್ದಿನ ಚೀಟಿಯನ್ನೂ ಕಟ್ಟಿಕೊಳ್ಳಬೇಕು, ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನು ತೋರಿಸಿ ಮುಂದಿನ ತಾರೀಕು ಬರೆಸಿಕೊಳ್ಳಬೇಕು.